ನಾನು ಅಳಿಸಿದ ಅಣ್ಣ

ನಮ್ಮ ಮನೆಯಲ್ಲಿ ಎಲ್ಲರಿಗೂ ಕೈ ಮುಂದು, ಮಾತು ಹಿಂದು. ಅಪ್ಪ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ನನಗೋ ತಮ್ಮನಿಗೋ ಒಂದು ಬಿದ್ದಿರುತ್ತಿತ್ತು. ಅಮ್ಮನ ಆಯುಧ ಲಟ್ಟಣಿಗೆ. ಅಜ್ಜಿ ಚಿವುಟುತ್ತಿದ್ದಳು, ಅದೂ ತೋಳಿನ ಒಳಗಿನ ಮೆತ್ತನೆಯ ಜಾಗ ನೋಡಿ. ಹೊಸ ತಿಪ್ಪಸಂದ್ರದ ಆ ಎರಡು ಕೋಣೆಯ ಮನೆಯಲ್ಲಿ ಏಟು ತಿನ್ನದೆ ಯಾರೂ ದೊಡ್ಡವರಾಗಲಿಲ್ಲ. ಕಾಲೇಜಿಗೆ ಹೋಗುವಾಗ ಒಂದು ದಿನ ಬಸ್ಸಿನಲ್ಲಿ ಒಬ್ಬ ನನ್ನ ಸೊಂಟಕ್ಕೆ ಕೈ ಹಾಕಿದ. ಊಟದ ಡಬ್ಬಿಯಿಂದ ಅವನ ಮುಖಕ್ಕೆ ಬಾರಿಸಿದೆ. ಎರಡು ಹಲ್ಲು ಉದುರಿದವು, ಡಬ್ಬಿಯೂ ಸೊಟ್ಟಗಾಯಿತು. ಆ ದಿನ ಮನೆಯಲ್ಲಿ ಯಾರೂ ಬೈಯಲಿಲ್ಲ. ಅಪ್ಪ ಮಾರನೆಯ ದಿನ ಹೊಸ ಡಬ್ಬಿ ತಂದುಕೊಟ್ಟರು.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ್ದನ್ನು ಓದಿ ‘ಅಯ್ಯೋ ಪಾಪ, ಹುಡುಗಿ ಹೆದರಿಕೊಂಡು ಸುಳ್ಳು ಹೇಳಿದಳು’ ಎಂದು ಯಾರಾದರೂ ನನ್ನ ಪರ ವಹಿಸಿಕೊಂಡಾರು. ಹೆದರುವ ಪೈಕಿ ನಾನಲ್ಲ. ನನಗಿದ್ದದ್ದು ಜಂಬ, ಮೂಗಿನ ತುದಿಯ ಸಿಟ್ಟು.

ತೊಂಬತ್ತರ ದಶಕದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಶಿವಾಜಿನಗರದಲ್ಲಿ, ಮಟನ್ ಅಂಗಡಿಗಳ ಎದುರಿನ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ. ಕೆಳಗೆ ಬೆಳಗಿನಿಂದ ಮೂಳೆ ಕಡಿಯುವ ಸದ್ದು, ಮೇಲೆ ಎಂಟು ಹುಡುಗಿಯರು ಕೀಬೋರ್ಡು ಕುಟ್ಟುವ ಸದ್ದು. ಬೇರೆಯವರ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವುದೇ ನಮ್ಮ ವ್ಯಾಪಾರ. ಹುಡುಗಿಯರು ಟೈಪು ಮಾಡುತ್ತಿದ್ದರು. ಆ ಮಾಹಿತಿ ಹೋಗಿ ಕೂರುವ ಟೇಬಲ್ಲುಗಳನ್ನು, ಅಂದರೆ ಕಂಪ್ಯೂಟರಿನೊಳಗಿನ ಕೋಷ್ಟಕಗಳನ್ನು, ಕಟ್ಟುವುದು, ತಪ್ಪು ತಿದ್ದುವುದು, ಕೊನೆಗೆ ಪಟ್ಟಿ ತೆಗೆದುಕೊಡುವುದು ನನ್ನ ಕೆಲಸ. ನಮ್ಮ ಬಾಸ್ ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವನು. ಒಂದೇ ಉಸಿರಿನಲ್ಲಿ ತಮಿಳು, ಉರ್ದು, ಇಂಗ್ಲಿಷು, ಕನ್ನಡ ನಾಲ್ಕರಲ್ಲೂ ಬೈಯಬಲ್ಲವನು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಒಮ್ಮೆ ನನ್ನ ಮೇಲೆ ಸ್ಟೇಪ್ಲರ್ ಎಸೆದ. ನಾನು ಅದನ್ನೇ ಎತ್ತಿ ವಾಪಸ್ ಎಸೆದೆ. ಅಂದಿನಿಂದ ಸಂಬಳ ಹೆಚ್ಚದಿದ್ದರೂ ಮರ್ಯಾದೆ ಹೆಚ್ಚಾಯಿತು.

ಆ ವರ್ಷ ನಮಗೆ ಬಂದ ದೊಡ್ಡ ಕೆಲಸ ಸೈಟುಗಳದ್ದು. ಕೆ.ಆರ್. ಪುರದಾಚೆಯ ಕೆಲವು ಹಳ್ಳಿಗಳ ಹೊಲಗಳನ್ನು ಬಡಾವಣೆಗೆಂದು ಸ್ವಾಧೀನ ಮಾಡಿಕೊಂಡಿದ್ದರು. ಜಮೀನು ಕಳೆದುಕೊಂಡ ಪ್ರತಿಯೊಬ್ಬನಿಗೂ ಅದೇ ಬಡಾವಣೆಯಲ್ಲಿ ಒಂದು ಸೈಟು ಎಂದು ಮಾತಾಗಿತ್ತು. ಅದಕ್ಕಾಗಿ ಜನ ತುಂಬಿಕೊಟ್ಟ ಅರ್ಜಿಗಳು ಊರಿಗೊಂದು ಕಟ್ಟಿನಂತೆ ನಮ್ಮ ಮಹಡಿಗೆ ಬಂದವು. ನಾವು ತೆಗೆದುಕೊಡುವ ಪಟ್ಟಿಯಲ್ಲಿ ಹೆಸರಿದ್ದವನಿಗೆ ಸೈಟು, ಇಲ್ಲದವನಿಗೆ ಇಲ್ಲ. ಹೊಲದ ನಡುವೆ ಮನೆ ಕಟ್ಟಿಕೊಂಡಿದ್ದವರ ಮನೆಗಳನ್ನೂ ಕೆಡವುವವರಿದ್ದರು. ಅಂಥವರಿಗೆ ಆ ಪಟ್ಟಿಯ ಒಂದು ಸಾಲೇ ನಾಳೆ ತಲೆಯ ಮೇಲಿನ ಸೂರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎರಡು ಬುದ್ಧಿವಂತಿಕೆ ಮಾಡಿದೆ.

ಮೊದಲನೆಯದು ಅರ್ಜಿ ನಂಬರು. ಪ್ರತಿ ಅರ್ಜಿಯ ಮೂಲೆಯಲ್ಲಿ ಮುದ್ರೆಯೊತ್ತಿದ ನಂಬರಿತ್ತು. ಮಸಿ ಹರಡಿಕೊಂಡು ಓದುವುದು ಕಷ್ಟ, ಹುಡುಗಿಯರು ಅದಕ್ಕೇ ಅರ್ಧ ಹೊತ್ತು ಕಳೆಯುತ್ತಿದ್ದರು. ನಂಬರು ಹಾಕಬೇಡಿ, ಕಂಪ್ಯೂಟರೇ ಪ್ರತಿ ಸಾಲಿಗೆ ಒಂದು ಹೊಸ ನಂಬರು ಕೊಡುತ್ತದೆ ಎಂದು ನಾನು ಹೇಳಿದೆ. ಎರಡನೆಯದು ಹೆಸರಿನದು. ಕೆಲವು ಹೆಸರುಗಳ ಮೊದಲಿಗೆ ದೊಡ್ಡ ಎಂದೋ ಚಿಕ್ಕ ಎಂದೋ ಇರುತ್ತಿತ್ತು. ಅರ್ಜಿಯ ಜೊತೆಗಿಟ್ಟ ಅದೇ ಮನುಷ್ಯನ ಪಹಣಿಯಲ್ಲಿ ಅದು ಇರುತ್ತಿರಲಿಲ್ಲ. ಕಾರ್ಖಾನೆ ಕಾಲೊನಿಯ ಆಸುಪಾಸಿನಲ್ಲಿ ಬೆಳೆದ ನನಗೆ ಅದು ಶ್ರೀ, ಶ್ರೀಮತಿ ಇದ್ದಂತೆ ಕಂಡಿತು, ಊರವರು ಪ್ರೀತಿಗೆ ಕರೆಯುವುದು ಅಂದುಕೊಂಡೆ. ಅದನ್ನು ಬಿಟ್ಟು ಬರೀ ಹೆಸರು ಹಾಕಿ ಎಂದು ಅಪ್ಪಣೆ ಕೊಟ್ಟೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಹಳೆಯದು, ಎರಡು ನಿಮಿಷಕ್ಕೆ ಅದೂ ಸತ್ತಿತು. ಜನರೇಟರು ಹಾಕದ ಕಟ್ಟಡದ ಮಾಲೀಕನ ಜೊತೆ ನಾನು ಕೆಳಗೆ ನಿಂತು ಜಗಳವಾಡುತ್ತಿದ್ದೆ. ಕರೆಂಟು ಬಂದಾಗ ಮೇಲಿದ್ದ ಹುಡುಗಿಯರಿಗೆ ಯಾವ ಅರ್ಜಿ ಕಂಪ್ಯೂಟರಿಗೆ ಸೇರಿದೆ, ಯಾವುದು ಸೇರಿಲ್ಲ ತಿಳಿಯಲಿಲ್ಲ. ಎಲ್ಲರೂ ತಮ್ಮ ತಮ್ಮ ಕಟ್ಟುಗಳನ್ನು ಮೊದಲಿನಿಂದ ಟೈಪು ಹೊಡೆದರು. ಇದು ನನಗೆ ಗೊತ್ತಾಗಿದ್ದು ವಾರದ ನಂತರ, ಪಟ್ಟಿ ತೆಗೆದಾಗ. ಒಂದೊಂದು ಹೆಸರೂ ಎರಡೆರಡು ಸಲ. ಕಂಪ್ಯೂಟರು ಪ್ರತಿ ಸಾಲಿಗೂ ಬೇರೆ ಬೇರೆ ನಂಬರು ಕೊಟ್ಟು ಕೂತಿದ್ದರಿಂದ, ಅದರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಮನುಷ್ಯರು.

ಆ ಹುಡುಗಿಯರಲ್ಲಿ ಒಬ್ಬಳು ಹಲಸೂರಿನವಳು. ಒಳ್ಳೆಯ ಕೆಲಸಗಾರ್ತಿ, ಬಾಯಿಯೂ ಜೋರು. ಅರ್ಜಿ ನಂಬರು ಹಾಕಿದ್ದರೆ ಎರಡನೇ ಸಲ ಹೊಡೆದಾಗಲೇ ಸಿಕ್ಕಿಬೀಳುತ್ತಿತ್ತಲ್ಲ ಮೇಡಂ, ಹಾಕಬೇಡಿ ಅಂದವರು ನೀವೇ ಎಂದು ಎಲ್ಲರೆದುರು ಅಂದಳು. ಅವಳು ಹೇಳಿದ್ದು ಸರಿ. ಸರಿ ಇದ್ದದ್ದರಿಂದಲೇ ನಾನು ಅವಳ ಕಪಾಳಕ್ಕೆ ಬಾರಿಸಿದೆ. ಅವಳು ನನ್ನ ಜಡೆ ಹಿಡಿದು ಎಳೆದಳು, ನಾನು ಅವಳನ್ನು ಅರ್ಜಿ ಕಟ್ಟುಗಳ ರಾಕಿಗೆ ದೂಡಿದೆ, ಕಟ್ಟುಗಳು ಮೈಮೇಲೆ ಬಿದ್ದವು. ಬಾಸ್ ಓಡಿಬಂದು ನಮ್ಮಿಬ್ಬರನ್ನೂ ಬಿಡಿಸಿ, ನೀರಿನ ಲೋಟವನ್ನು ಗೋಡೆಗೆ ಎಸೆದು ಒಡೆದ. ಅವಳು ಅವತ್ತೇ ಕೆಲಸ ಬಿಟ್ಟು ಹೋದಳು. ಮೆಟ್ಟಿಲಿಳಿಯುವಾಗ ತಮಿಳಿನಲ್ಲಿ ಹಾಕಿದ ಶಾಪ ಇಡೀ ಕಟ್ಟಡಕ್ಕೆ ಕೇಳಿಸಿತು.

ಎರಡು ದಿನದಲ್ಲಿ ಪಟ್ಟಿ ಸರಿಯಾಗದಿದ್ದರೆ ಕೆಲಸ ಕೊಟ್ಟವರು ವಾಪಸ್ ತೆಗೆದುಕೊಳ್ಳುತ್ತಾರೆ, ಅವರ ಹಿಂದೆಯೇ ನೀನೂ ಮನೆಗೆ ನಡಿ ಅಂದ ಬಾಸ್. ಅರ್ಜಿ ಕಟ್ಟುಗಳನ್ನು ಬಿಚ್ಚಿ ಒಂದೊಂದೇ ಸಾಲನ್ನು ಕಾಗದಕ್ಕೆ ಹೋಲಿಸಿ ನೋಡಬೇಕಿತ್ತು. ಎಂಟು ಜನ ಕೂತರೆ ಹತ್ತು ದಿನ ಹಿಡಿಯುತ್ತಿತ್ತು. ನನ್ನಂಥ ಜಾಣೆಗೆ ಅದೆಲ್ಲ ಯಾಕೆ? ನಾನು ಕಂಪ್ಯೂಟರಿಗೆ ಒಂದು ಆಜ್ಞೆ ಬರೆದೆ. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು ಈ ನಾಲ್ಕೂ ಒಂದೇ ಇರುವ ಸಾಲುಗಳನ್ನು ಒಟ್ಟು ಮಾಡು, ಪ್ರತಿ ಗುಂಪಿನಲ್ಲಿ ಮೊದಲು ಸೇರಿದ ಸಾಲನ್ನು ಉಳಿಸು, ಮಿಕ್ಕದ್ದನ್ನು ಅಳಿಸು. ವಯಸ್ಸನ್ನು ನೋಡಲಿಲ್ಲ. ಹಳ್ಳಿಯವರು ವಯಸ್ಸನ್ನು ಬಾಯಿಗೆ ಬಂದಂತೆ ಬರೆಸುತ್ತಾರೆ, ಅದನ್ನು ನಂಬುವ ಹಾಗಿಲ್ಲ ಎಂದು ನನ್ನ ತೀರ್ಮಾನ. ಎಂಟರ್ ಒತ್ತಿದೆ. ನೂರಾರು ಸಾಲುಗಳು ಒಂದೇ ಏಟಿಗೆ ಹೋದವು.

ಯಾರನ್ನಾದರೂ ಚೆನ್ನಾಗಿ ಬಡಿದ ಮೇಲೆ ತೋಳಿನಲ್ಲಿ ಒಂದು ಬಿಸಿ ಇರುತ್ತದೆ. ಆವತ್ತು ನನಗೆ ಆ ಬಿಸಿಯೇ ಬಂತು. ಬಾಸ್ ಎಲ್ಲರಿಗೂ ಬಿರಿಯಾನಿ ತರಿಸಿದ, ನನಗೆ ಸಸ್ಯಾಹಾರಿ ಎಂದು ಪರೋಟ. ಪಟ್ಟಿ ಹೋಯಿತು. ಊರೂರಿನ ಕಟ್ಟೆಗಳಲ್ಲಿ ಅಂಟಿಸಿದರು. ತಕರಾರಿದ್ದವರು ಹದಿನೈದು ದಿನದೊಳಗೆ ಬರಬೇಕೆಂದು ಕೆಳಗೆ ಬರೆದಿತ್ತು. ಅದಾದ ಮೇಲೆ ತಿದ್ದಿದ ಕೊನೆಯ ಪಟ್ಟಿ ನಮ್ಮಿಂದಲೇ ಹೋಗಬೇಕಿತ್ತು.

ಆ ಹದಿನೈದು ದಿನ ಮುಗಿಯಲು ಇನ್ನು ನಾಲ್ಕು ದಿನವಿದ್ದಾಗ ಅವನು ಬಂದ. ಐವತ್ತರ ಆಸುಪಾಸಿನ ರೈತ, ಒಗೆದ ಬಿಳಿ ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಸೈಟಿನ ಕಚೇರಿಗೆ ಮೂರು ಸಲ ಹೋಗಿದ್ದನಂತೆ. ಅಲ್ಲಿಯವರು ಕಂಪ್ಯೂಟರಿನವರನ್ನು ಕೇಳು ಎಂದು ನಮ್ಮ ವಿಳಾಸ ಬರೆದುಕೊಟ್ಟಿದ್ದರು. ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ತನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದ. ನಾನು ಅವನ ಹೆಸರು, ತಂದೆಯ ಹೆಸರು, ಊರು ಕೇಳಿ ಹುಡುಕಿದೆ. ಇತ್ತು. ಪರದೆ ತಿರುಗಿಸಿ ತೋರಿಸಿ, ಓದೋಕೆ ಬರದಿದ್ದರೆ ಓದೋರನ್ನ ಕರ್ಕೊಂಡ್ ಬನ್ರೀ, ನಮ್ಮ ಪ್ರಾಣ ಯಾಕೆ ತಿಂತೀರಾ ಅಂದೆ.

“ಅದು ನಂದಲ್ಲ ತಾಯಿ, ನನ್ ತಮ್ಮಂದು. ವಯಸ್ಸು ಅವ್ನದೇ ಐತೆ ಅಂತ ಊರಲ್ಲಿ ಓದಿ ಹೇಳವ್ರೆ” ಅಂದ ಅವನು. “ನಮ್ಮನೇಲಿ ಇಬ್ರಿಗೂ ಮನೆದೇವ್ರ ಹೆಸ್ರೇ. ನಾನು ದೊಡ್ಡೋನು, ಅವ್ನು ಚಿಕ್ಕೋನು. ಜಮೀನು ಪಾಲಾಗಿಲ್ಲ, ಒಂದೇ ಸರ್ವೆ ನಂಬರು.”

ಅವರ ಊರುಗಳಲ್ಲಿ ಅದು ವಾಡಿಕೆಯಂತೆ. ಎಷ್ಟು ಗಂಡು ಹುಟ್ಟಿದರೂ ಮನೆದೇವರ ಹೆಸರು ಬಿಟ್ಟು ಬೇರೆ ಇಡುವುದಿಲ್ಲ. ದೊಡ್ಡ, ಚಿಕ್ಕ ಎನ್ನುವುದರಲ್ಲೇ ಅಣ್ಣ ಯಾರು ತಮ್ಮ ಯಾರು ಎಂದು ಇಡೀ ಊರು ಗುರುತು ಹಿಡಿಯುತ್ತದೆ. ನಾನು ಬಿಟ್ಟುಬಿಡಿ ಎಂದು ಅಪ್ಪಣೆ ಕೊಟ್ಟದ್ದು ಅದನ್ನೇ. ರಾಕಿನ ಹತ್ತಿರ ಹೋಗಿ ಅವನ ಊರಿನ ಕಟ್ಟು ಬಿಚ್ಚಿದೆ. ಎರಡು ಅರ್ಜಿಗಳೂ ಒಂದರ ಕೆಳಗೊಂದು ಇದ್ದವು. ಮೇಲಿನದರಲ್ಲಿ ತಮ್ಮನ ಸಹಿ, ಕೆಳಗಿನದರಲ್ಲಿ ಅಣ್ಣನ ಹೆಬ್ಬೆಟ್ಟು. ತಮ್ಮನ ಅರ್ಜಿ ಮೇಲಿದ್ದದ್ದರಿಂದ ಮೊದಲು ಸೇರಿತ್ತು, ಉಳಿಯಿತು. ಅಣ್ಣನದು ನಂತರ ಸೇರಿತ್ತು, ಹೋಯಿತು. ಕುರುಡನಿಗೂ ಕಾಣುವಷ್ಟು ಸ್ಪಷ್ಟವಾಗಿ ಇಬ್ಬರು ಮನುಷ್ಯರು.

ಆಗಲೇ ಹೇಳಬಹುದಿತ್ತು. ತಪ್ಪು ನಂದು, ನಾಳೆ ಸರಿ ಮಾಡ್ತೀನಿ ಎನ್ನಲು ಎಷ್ಟು ಹೊತ್ತು? ಆದರೆ ಬಾಸ್ ತನ್ನ ಮೇಜಿನಿಂದ ನೋಡುತ್ತಿದ್ದ. ಪರೋಟ ತಿಂದು ಮೆರೆದವಳು ನಾನು. ಹುಡುಗಿಯರು ಟೈಪು ನಿಲ್ಲಿಸಿ ಕಿವಿಗೊಟ್ಟಿದ್ದರು. ಅವರೆದುರು, ಪಂಚೆ ಉಟ್ಟ ಒಬ್ಬ ಹೆಬ್ಬೆಟ್ಟಿನವನ ಮುಂದೆ, ತಪ್ಪಾಯಿತು ಅನ್ನುವುದೇ? ಕಟ್ಟು ಮುಚ್ಚಿದೆ. ನಾಳೆ ಬೆಳಿಗ್ಗೆ ಸದ್ದಿಲ್ಲದೆ ಇವನ ಸಾಲು ಸೇರಿಸಿಬಿಟ್ಟರೆ ಆಯಿತು, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ.

“ನಾವಾಗಿ ಯಾರ ಹೆಸರೂ ತೆಗೆಯಲ್ಲ” ಅಂದೆ. “ನಿಮ್ಮ ಕಡೆಯಿಂದಾನೇ ಒಂದು ಹೆಸರು ಬಂದಿರೋದು. ನಿಮ್ಮನೇಲಿ ಕೇಳ್ಕೊಳ್ಳಿ ಹೋಗಿ.”

“ಮನೇಲಿ ಅಂದ್ರೆ ಯಾರ್ನಮ್ಮ ಕೇಳ್ಲಿ? ನನ್ ತಮ್ಮನ್ನಾ?”

“ಯಾರನ್ನಾದ್ರೂ ಕೇಳಿ, ನನ್ನ ತಲೆ ತಿನ್ಬೇಡಿ.”

ಅವನು ಮತ್ತೊಮ್ಮೆ ಪರದೆಯತ್ತ ನೋಡಿದ. ಅಲ್ಲಿ ಅವನದೇ ಹೆಸರು, ಅವನದೇ ಅಪ್ಪನ ಹೆಸರು, ಅವನದೇ ಹೊಲದ ನಂಬರು. ಆಯ್ತು ತಾಯಿ ಎಂದು ಕೈ ಮುಗಿದು ಹೋದ. ಎದುರಿನ ಅಂಗಡಿಗಳ ಮುಂದೆ ಜೋರಾಗಿ ನಡೆದು ಹೋಗುವುದು ಕಿಟಕಿಯಿಂದ ಕಾಣಿಸಿತು. ಸಿಟ್ಟಿನವರ ನಡಿಗೆ ನನಗೆ ಚೆನ್ನಾಗಿ ಗೊತ್ತು, ನಮ್ಮಪ್ಪನದು ನೋಡಿ ಬೆಳೆದವಳು. ಆದರೂ ಕೂಗಿ ಕರೆಯಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಆಮೇಲೆ ಇಬ್ಬರು ಮೂವರು ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ತಮ್ಮನಿಗೆ ಜೋಗುಪಾಳ್ಯದಲ್ಲಿ ವೆಲ್ಡಿಂಗ್ ಅಂಗಡಿ. ಹೆಂಡತಿಯ ಕಡೆಯ ಮನೆ ಅಲ್ಲೇ ಇತ್ತು, ಅವನಿಗೆ ಸೂರಿನ ಚಿಂತೆಯಿರಲಿಲ್ಲ. ಅಣ್ಣನಿಗೆ ಹೊಲದ ನಡುವಿನ ಆ ಮನೆ ಬಿಟ್ಟರೆ ಬೇರೆ ಇಲ್ಲ. ಆ ಮನೆಯ ಗೋಡೆಗೆ ಕೆಡವುವವರು ಬಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಅಪ್ಪ ತೀರಿದ ಮೇಲೆ ಆ ತಮ್ಮನನ್ನು ಓದಿಸಿ, ಕೆಲಸ ಕಲಿಸಿ, ಮದುವೆ ಮಾಡಿದವನು ಅಣ್ಣ. ಎರಡು ವರ್ಷದ ಹಿಂದೆ ತಮ್ಮ ಪಾಲು ಕೇಳಿದ್ದ. ದೊಡ್ಡ ಜಗಳವಾಗಿ, ಮತ್ತೆ ಸರಿಹೋಗಿ, ಪೂರ್ತಿ ಸರಿಹೋಗದೆ ಇತ್ತು. ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡು ಎರಡೂ ಅರ್ಜಿಗಳನ್ನು ಕೊಟ್ಟು ಬಂದವನು ತಮ್ಮನೇ. ಆ ಗಾಯದ ಮೇಲೆ ನಾನು ಬೆರಳಿಟ್ಟಿದ್ದೆ.

ಶಿವಾಜಿನಗರದಿಂದ ಅಣ್ಣ ನಡೆದೇ ಹೋದನಂತೆ. ಅಂಗಡಿಯಲ್ಲಿ ತಮ್ಮ ಕೂತು ಕಿಟಕಿಯ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿದ್ದ. ಅಣ್ಣ ಹಿಂದಿನಿಂದ, ನಮ್ಮನೆಯಿಂದ ಒಂದೇ ಹೆಸರು ಬಂತು ಅಂತಾಳಲ್ಲ ಶಿವಾಜಿನಗರದ ಕಂಪ್ಯೂಟರಿನವಳು, ನನ್ನ ಹೆಸರು ಯಾಕೋ ಕೊಡಲಿಲ್ಲ ಎಂದು ಕೇಳಿದ. ತಮ್ಮನಿಗೆ ಏನೂ ಅರ್ಥವಾಗಲಿಲ್ಲ. ಮುಖಕ್ಕೆ ಹಿಡಿದ ಗಾಜಿನ ತಟ್ಟೆ ಇಳಿಸಿ ನಕ್ಕು, ನಮ್ಮಿಬ್ರಿಗೂ ಒಂದೇ ಹೆಸ್ರು ತಾನೆ, ಒಂದೇ ಸಾಕು ಅಂದಿರ್ಬೇಕು ಬಿಡಣ್ಣ ಅಂದ. ಆ ನಗುವಿಗೆ ಅಣ್ಣನ ತಲೆ ಕೆಟ್ಟಿತು. ಅಂಗಡಿಯ ಪಕ್ಕದಲ್ಲೇ ಎಳನೀರಿನ ಗಾಡಿ ನಿಂತಿತ್ತು. ಅದರ ಮೇಲಿದ್ದ ಮಚ್ಚು ತೆಗೆದುಕೊಂಡು ತಿರುಗಿ ಬಂದು ಬೀಸಿದ. ತಮ್ಮ, ತಲೆಗೆ ಅಡ್ಡವಾಗಿ ಎಡಗೈ ಎತ್ತಿದ. ಮೂರು ಬೆರಳು ನೆಲಕ್ಕೆ ಬಿದ್ದವು. ಎರಡನೇ ಏಟು ಮೊಣಕೈಗೆ. ಮೂರನೆಯದಕ್ಕೆ ಎಳನೀರಿನವನೂ ಅಕ್ಕಪಕ್ಕದ ಅಂಗಡಿಯವರೂ ಅಣ್ಣನ ಮೇಲೆ ಬಿದ್ದು, ಅವನ ಪಂಚೆ ಹರಿದು, ಮುಖ ಮೂತಿ ನೋಡದೆ ತುಳಿದು, ಪೊಲೀಸರು ಬರುವವರೆಗೆ ವೆಲ್ಡಿಂಗ್ ಅಂಗಡಿಯ ಕಂಬಕ್ಕೇ ಕಟ್ಟಿಹಾಕಿದರು.

ಇದೊಂದೂ ತಿಳಿಯದೆ ನಾನು ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಅಣ್ಣನ ಸಾಲು ಸೇರಿಸಿದೆ. ದೊಡ್ಡ ಎನ್ನುವುದನ್ನೂ ಸೇರಿಸಿದೆ, ತಮ್ಮನ ಸಾಲಿಗೆ ಚಿಕ್ಕ ಎಂದೂ ಸೇರಿಸಿದೆ, ಅರ್ಜಿ ನಂಬರನ್ನೂ ಹಾಕಿದೆ. ಹತ್ತು ನಿಮಿಷದ ಕೆಲಸ. ಮನಸ್ಸು ಹಗುರಾಗಿ, ಕೆಳಗೆ ಹೋಗಿ ಚಹಾ ಕುಡಿದು ಬಂದೆ.

ಮಧ್ಯಾಹ್ನ ಬಾಗಿಲು ಒದ್ದುಕೊಂಡು ಮೂವರು ಬಂದರು. ಮುಂದಿದ್ದವನ ಎಡಗೈ ಮೊಣಕೈವರೆಗೆ ಬ್ಯಾಂಡೇಜಿನ ಉಂಡೆ. ಆಸ್ಪತ್ರೆಯಿಂದ ಹೇಳದೆ ಕೇಳದೆ ಎದ್ದು ಬಂದಿದ್ದ, ಕಣ್ಣು ಕೆಂಡ. ಅವನ ಹಿಂದಿನಿಬ್ಬರು ಭಾವಮೈದುನರು. ಯಾರು, ಏನು ಎಂದು ಎದ್ದು ನಿಂತ ಬಾಸಿನ ಎದೆಗೆ ಒಬ್ಬ ಒದ್ದ. ಇನ್ನೊಬ್ಬ ಹತ್ತಿರದ ಪರದೆಯನ್ನು ತಂತಿ ಸಮೇತ ಕಿತ್ತು ಮೆಟ್ಟಿಲಿಗೆಸೆದ. ಅದು ಒಂದೊಂದೇ ಮೆಟ್ಟಿಲಿಗೆ ಬಡಿದು ಕೆಳಗೆ ಹೋಗಿ ಸಿಡಿಯಿತು. ಹುಡುಗಿಯರು ಕಿರುಚಿಕೊಂಡು ಗೋಡೆಗೆ ಅಂಟಿದರು. ತಮ್ಮ ನನ್ನ ಮೇಜಿನ ಮುಂದೆ ಬಂದು, “ನಾನು ಅಣ್ಣನ ಹೆಸರು ತೆಗೆಸಿದೆ ಅಂತ ಹೇಳಿದ ಮುಂಡೆ ನೀನೇನಾ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಬಲಗೈಯಲ್ಲಿ ಬಾರಿಸಿದ. ಕಿವಿಯಲ್ಲಿ ಕೀ ಎಂದಿತು.

ನನ್ನ ಕೈಗೆ ಸಿಕ್ಕಿದ್ದು ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನು, ಗಟ್ಟಿ ಕಬ್ಬಿಣದ್ದು. ಎತ್ತಿ ಬೀಸಿದೆ. ಅವನು ಅಡ್ಡ ಹಿಡಿದದ್ದು ಆ ಎಡಗೈಯನ್ನೇ. ಅಭ್ಯಾಸ, ಮನುಷ್ಯ ಏನು ಮಾಡಿಯಾನು? ಬ್ಯಾಂಡೇಜಿನ ಮೇಲೆ ಬಿದ್ದ ಏಟಿಗೆ ಅವನಿಂದ ಹೊರಟ ಸದ್ದನ್ನು ನಾನು ಅದುವರೆಗೆ ಯಾವ ಮನುಷ್ಯನಿಂದಲೂ ಕೇಳಿರಲಿಲ್ಲ. ಮಂಡಿಯೂರಿ ಕೂತ. ಬಟ್ಟೆಯ ಮೇಲೆ ಕೆಂಪು ಹರಡತೊಡಗಿತು. ಅಲ್ಲಿ ಬೆರಳುಗಳಿರಬೇಕಾದ ಜಾಗ ಖಾಲಿ ಎಂಬುದು ಆಗ ಕಂಡಿತು. ಒಬ್ಬ ಭಾವಮೈದುನ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ್ದ. ಇನ್ನೊಬ್ಬ ಅಣ್ಣ ಕಡಿದದ್ದನ್ನೂ ಎಳನೀರಿನ ಮಚ್ಚನ್ನೂ ಕೂಗಿ ಕೂಗಿ ಹೇಳುತ್ತಿದ್ದ. ನನಗೆ ಎಲ್ಲ ತಿಳಿದದ್ದು ಹಾಗೆ, ಉಸಿರು ಸಿಕ್ಕಿಕೊಂಡಿದ್ದಾಗ.

ಬಿಡಿ, ಹೇಳ್ತೀನಿ ಅಂದೆ. ಬಿಟ್ಟರು. ಹೆಸರು ತೆಗೆದದ್ದು ನಾನೇ, ನಿಮ್ಮ ಕಡೆಯಿಂದ ಬಂತು ಅಂದದ್ದು ಸುಳ್ಳು, ಗೊತ್ತಿದ್ದೇ ಹೇಳಿದ ಸುಳ್ಳು ಎಂದು ಹೇಳಿದೆ. ಬಾಸ್ ಎದೆ ಹಿಡಿದುಕೊಂಡು ಕೇಳುತ್ತಿದ್ದ, ಹುಡುಗಿಯರು ಕೇಳುತ್ತಿದ್ದರು. ಇವತ್ತು ಬೆಳಿಗ್ಗೆ ಸರಿ ಮಾಡಿದ್ದೇನೆ ಎಂದು ನನ್ನ ಮೇಜಿನ ಪರದೆಯಲ್ಲಿ ಅವನಿಗೆ ತೋರಿಸಿದೆ. ಒಂದರ ಕೆಳಗೊಂದು ಎರಡು ಸಾಲು, ದೊಡ್ಡ, ಚಿಕ್ಕ. ಅವನು ನೆಲದಲ್ಲಿ ಕೂತೇ ಓದಿದ.

“ಇದನ್ನ ನಿನ್ನೆ ಮಾಡೋಕೆ ಏನಾಗಿತ್ತು ನಿಂಗೆ?” ಅಂದ.

ಅವನನ್ನು ಎಬ್ಬಿಸಲು ಕೈ ಚಾಚಿದೆ. ಕೊಡವಿಕೊಂಡು ತಾನೇ ಎದ್ದ.

ಅವನು ಮತ್ತೆ ಹೊಡೆಯಲಿಲ್ಲ. ನಮ್ಮಣ್ಣ ಲಾಕಪ್ಪಲ್ಲವ್ನೆ, ಈಗ ಹೇಳಿದ್ದನ್ನ ಅವನ ಮುಂದೆ ಹೇಳು ಬಾ ಅಂದ. ಆಟೋದಲ್ಲಿ ಅವನು ನನ್ನ ಪಕ್ಕದಲ್ಲೇ ಕೂತ. ಕೈಯನ್ನು ಎದೆಯ ಮೇಲೆ ಎತ್ತಿ ಹಿಡಿದಿದ್ದ, ಹನಿಗಳು ನನ್ನ ಚೂಡಿದಾರದ ಮೇಲೆ ಬೀಳುತ್ತಿದ್ದವು. ಆಸ್ಪತ್ರೆಗೆ ಮೊದಲು ಹೋಗೋಣ ಎಂದೆ. ಬಾಯ್ ಮುಚ್ಕೊಂಡ್ ಕೂತ್ಕೊ ಅಂದ. ಕೂತೆ.

ಅಣ್ಣ ಸರಳುಗಳ ಆಚೆ ಗೋಡೆಗೊರಗಿ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. ಪಂಚೆ ಇರಲಿಲ್ಲ, ಯಾರೋ ಕೊಟ್ಟ ಲುಂಗಿ. ಠಾಣೆಯ ಕಾನ್‌ಸ್ಟೇಬಲ್ ಎರಡೇ ನಿಮಿಷ ಎಂದು ಹೇಳಿ ಬಿಟ್ಟ. ನಾನು ಸರಳು ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಎಲ್ಲೂ ತಡವರಿಸಲಿಲ್ಲ, ಅಳಲೂ ಇಲ್ಲ. ಅವನು ನನ್ನ ಮುಖ ನೋಡಲೇ ಇಲ್ಲ. ಬೈದಿದ್ದರೆ, ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನೋಡುತ್ತಿದ್ದದ್ದು ತಮ್ಮನ ಕೈಯನ್ನು.

“ಬೆರಳು ಎಲ್ಲೋ?” ಎಂದು ಕೇಳಿದ.

“ಬಿಸಾಕ್ಬಿಟ್ರಣ್ಣ.”

ಅಣ್ಣ ಎದ್ದು ಬಂದ. ಬಲಗೈ ಮುಷ್ಟಿ ಕಟ್ಟಿ ಸರಳಿಗೆ ಬಡಿದ. ಮತ್ತೆ ಬಡಿದ. ಗಂಟುಗಳ ಚರ್ಮ ಸುಲಿದು ಸರಳಿಗೆ ಹತ್ತಿತು. ತಮ್ಮ, ಸರಳುಗಳ ನಡುವೆ ಒಳ್ಳೆಯ ಕೈ ತೂರಿಸಿ ಅವನ ಮಣಿಕಟ್ಟು ಹಿಡಿಯಲು ನೋಡಿದ. ಆ ಕೈಯ ಮೇಲೂ ಏಟು ಬಿದ್ದವು. ಕಾನ್‌ಸ್ಟೇಬಲ್ ಓಡಿಬಂದು ಲಾಠಿಯಿಂದ ಅಣ್ಣನ ಮೊಣಕಾಲಿಗೆ ಹೊಡೆದು ಕೆಡವಿದ. ಬಿದ್ದವನು ನೆಲಕ್ಕೆ ಬಡಿಯತೊಡಗಿದ. ತಮ್ಮ, ಹೊಡೀಬೇಡಿ ಸಾರ್, ನಮ್ಮಣ್ಣ ಸಾರ್ ಎಂದು ಕಾನ್‌ಸ್ಟೇಬಲ್ಲನ ಕಾಲು ಹಿಡಿದ. ನನ್ನನ್ನು ಯಾರೋ ರಟ್ಟೆ ಹಿಡಿದು ಹೊರಗೆ ತಳ್ಳಿದರು.

ಅಣ್ಣನಿಗೆ ಸೈಟು ಸಿಕ್ಕಿತು. ಹದಿನೈದು ದಿನದೊಳಗೇ ಸೇರಿಸಿದ್ದರಿಂದ ಆ ಸಾಲು ಕೊನೆಯ ಪಟ್ಟಿಯಲ್ಲಿ ಊರ್ಜಿತವಾಯಿತು. ಹೀಗೆ ಬೇರೆ ಯಾರ ಸಾಲಾದರೂ ಹೋಗಿದೆಯೇ ಎಂದು ಬಾಸ್ ಉಳಿದ ಕಟ್ಟುಗಳನ್ನೂ ಬಿಚ್ಚಿ ನೋಡಿಸಿದನಂತೆ. ತಮ್ಮ ನ್ಯಾಯಾಲಯದಲ್ಲಿ ನಿಂತು, ಎಳನೀರು ಕೆತ್ತಲು ಹೋಗಿ ತಾನೇ ಕಡಿದುಕೊಂಡೆ ಎಂದು ಹೇಳಿದನಂತೆ. ನೋಡಿದ್ದವರೂ ಬಾಯಿ ಬಿಡಲಿಲ್ಲ. ಕೇಸು ಬಿದ್ದುಹೋಯಿತು. ಠಾಣೆಗೆ ಹೋಗಿಬಂದ ದಿನವೇ ಬಾಸ್ ನನ್ನನ್ನು ಕೆಲಸದಿಂದ ತೆಗೆದ. ಬಾಗಿಲ ತನಕ ಬೈದು ಕಳಿಸಿದ, ಏನನ್ನೂ ಎಸೆಯಲಿಲ್ಲ. ಎಸೆದಿದ್ದರೆ ಚೆನ್ನಾಗಿರುತ್ತಿತ್ತು.

ಎರಡು ಸಾವಿರದ ಇಸವಿಯ ನಂತರ ನಾನು ಇಂದಿರಾನಗರದ ಒಂದು ದೊಡ್ಡ ಕಂಪನಿಯಲ್ಲಿದ್ದೆ. ಎರಡೆರಡಾಗಿ ಬಂದ ಸಾಲುಗಳು ಅಲ್ಲಿಯೂ ಇದ್ದವು, ಅವು ಇಲ್ಲದ ಜಾಗವೇ ಇಲ್ಲ. ಒಂದು ಸಾಲನ್ನೂ ನೇರವಾಗಿ ಅಳಿಸಲು ನಾನು ಬಿಡುತ್ತಿರಲಿಲ್ಲ. ಮೊದಲು ಬೇರೊಂದು ಟೇಬಲ್ಲಿಗೆ ಹಾಕಿ, ಮೂಲ ಕಾಗದ ತರಿಸಿ, ಕಣ್ಣಿಂದ ನೋಡಿ, ಆಮೇಲೆ. ನನ್ನ ಕೈಕೆಳಗಿನವರಿಗೆ ಇದು ಹುಚ್ಚಾಟ. ಬೆನ್ನ ಹಿಂದೆ ರಾಕ್ಷಸಿ ಅನ್ನುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು. ಒಮ್ಮೆ ಒಬ್ಬ, ಹೆಸರು, ತಂದೆ ಹೆಸರು, ಊರು ಎಲ್ಲ ಒಂದೇ ಇದ್ದರೆ ಒಬ್ಬನೇ ಅಲ್ವಾ ಮೇಡಂ, ಇನ್ನೇನ್ ಬೇಕು ಎಂದು ನಕ್ಕ. ಅವನ ಕೀಬೋರ್ಡನ್ನು ಕಿತ್ತು ಮೇಜಿಗೆ ಅಪ್ಪಳಿಸಿದೆ. ಕೀಲಿಗಳು ಕೋಣೆಯ ತುಂಬ ಹಾರಿದವು.

ಆ ವಾರದ ಭಾನುವಾರವೇ ಕೆ.ಆರ್. ಪುರದ ಕಡೆ ಬಸ್ಸು ಹತ್ತಿದೆ. ಬಡಾವಣೆ ಪೂರ್ತಿ ಮನೆಗಳಾಗಿತ್ತು. ಅಣ್ಣತಮ್ಮಂದಿರ ಸೈಟುಗಳು ಪಕ್ಕಪಕ್ಕದಲ್ಲೇ ಇವೆಯೆಂದು ನನಗೆ ಗೊತ್ತಿತ್ತು. ಪಟ್ಟಿಯನ್ನು ಊರು, ಸರ್ವೆ ನಂಬರಿನ ಪ್ರಕಾರ ಜೋಡಿಸಿದವಳು ನಾನೇ, ಸೈಟು ಹಂಚಿದ್ದು ಆ ಕ್ರಮದಲ್ಲೇ. ತಮ್ಮ ತನ್ನ ಮನೆಯ ಮುಂದೆಯೇ ಅಂಗಡಿ ಹಾಕಿಕೊಂಡಿದ್ದ. ನನ್ನನ್ನು ಕಂಡ ತಕ್ಷಣ ಗುರುತು ಹಿಡಿದ. ಒಂದು ಕುರ್ಚಿ ಎಳೆದು ಹಾಕಿದ. ಉಳಿದಿದ್ದ ಹೆಬ್ಬೆರಳು, ತೋರುಬೆರಳುಗಳಿಂದಲೇ ಕಂಬಿ ಹಿಡಿದು ಬೆಸುಗೆ ಹಾಕುವುದನ್ನು ಮುಂದುವರಿಸಿದ.

ಎರಡು ಮನೆಗಳ ನಡುವೆ ಗೋಡೆಯಿತ್ತು. ಒಂದೂವರೆ ಆಳೆತ್ತರ, ಮೇಲೆ ಸಾಲಾಗಿ ಒಡೆದ ಗಾಜು. ಬೀದಿಯುದ್ದಕ್ಕೂ ಬೇರೆ ಯಾವ ಮನೆಗೂ ಅಂಥ ಗೋಡೆಯಿರಲಿಲ್ಲ. ಗೋಡೆಯಾಚೆ ಯಾರೋ ಕೆಮ್ಮಿದರು, ಹಸುವಿಗೆ ನೀರು ಸುರಿಯುವ ಸದ್ದು ಕೇಳಿಸಿತು. ಇನ್ನೂ ಸಿಟ್ಟಾ ನಿಮ್ಮಣ್ಣನಿಗೆ, ನಾನು ಹೇಳಿದ್ದನ್ನ ಆಮೇಲೂ ನಂಬಲಿಲ್ವಾ ಎಂದು ಕೇಳಿದೆ.

“ಸಿಟ್ಟಲ್ಲ” ಅಂದ ತಮ್ಮ, ಗಾಜಿನ ತಟ್ಟೆಯನ್ನು ಮುಖಕ್ಕೆ ಹಿಡಿಯುತ್ತ. “ನನ್ ಕೈ ಕಾಣ್ಬಾರ್ದು ಅಂತ ಕಟ್ಸವ್ನೆ.”